ಭುಜದ ಬಳಿ ಹ್ಯೂಮರಸ್ ಮುರಿತ: ಯಾವ ಶಸ್ತ್ರಚಿಕಿತ್ಸೆ, ಯಾರಿಗೆ?

ಹ್ಯೂಮರಸ್ ಎಂಬ ಮೇಲ್ದೋಳಿನ ಮೂಳೆಯ ಮೇಲ್ತುದಿ ಮುರಿದ ಎಕ್ಸ್-ರೇ ಕಂಡೊಡನೆ ಯಾವ ಪ್ಲೇಟ್ ಹಾಕುವುದೆಂದು ಯೋಚಿಸತೊಡಗುವ ಅಭ್ಯಾಸ ನಮ್ಮಂಥ ಕಲಿಯುವವರಲ್ಲಿ ಹೆಚ್ಚು. ಅದಕ್ಕೂ ಮೊದಲು, ಮುರಿದ ತಲೆಭಾಗಕ್ಕೆ (ಕೀಲಿನಲ್ಲಿ ಕೂರುವ ಗುಂಡನೆಯ ತುದಿಗೆ) ರಕ್ತ ಹರಿಯುತ್ತಿದೆಯೇ ಎಂದು ಕೇಳಿಕೊಳ್ಳಬೇಕು.

ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಚಾರ್ಲ್ಸ್ ನೀರ್ 1970ರಲ್ಲಿ ಕೊಟ್ಟ ವರ್ಗೀಕರಣದಂತೆ ತಲೆಭಾಗ, ದೊಡ್ಡ ಹಾಗೂ ಚಿಕ್ಕ ಟ್ಯೂಬರಾಸಿಟಿ (ಸ್ನಾಯುಗಳು ಅಂಟುವ ಉಬ್ಬುಗಳು) ಮತ್ತು ಕಾಂಡ (ಮೂಳೆಯ ಉದ್ದನೆಯ ಭಾಗ) ಎಂಬ ನಾಲ್ಕರಲ್ಲಿ ಯಾವುದಾದರೂ 1 ಸೆಂ.ಮೀ.ಗಿಂತ ಹೆಚ್ಚು ಸರಿದಿದ್ದರೆ ಅಥವಾ 45 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಮಾತ್ರ ಅದನ್ನು ಪ್ರತ್ಯೇಕ ತುಂಡೆಂದು ಎಣಿಸುತ್ತೇವೆ. ಅಷ್ಟು ಸರಿಯದ ಮುರಿತಗಳೇ ಹೆಚ್ಚು. ಅವಕ್ಕೆ ಸ್ಲಿಂಗ್ ಮತ್ತು ಬೇಗ ಆರಂಭಿಸಿದ ವ್ಯಾಯಾಮ ಸಾಕು. ಸರಿದ ಮುರಿತವಿದ್ದ 250 ರೋಗಿಗಳನ್ನು ಬ್ರಿಟನ್ನಿನಲ್ಲಿ ಗಮನಿಸಿ 2015ರಲ್ಲಿ ಪ್ರಕಟಿಸಿದ ಪ್ರೊಫರ್ ಅಧ್ಯಯನದಲ್ಲಿಯೂ, ಎರಡು ವರ್ಷಗಳ ಬಳಿಕ ಶಸ್ತ್ರಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕೀಲು ತಪ್ಪಿದ ಮುರಿತಗಳು ಅದರಲ್ಲಿ ಸೇರಿರಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ರಕ್ತಪೂರೈಕೆ. ತಲೆಭಾಗಕ್ಕೆ ಅಂಟಿಕೊಂಡೇ ಉಳಿದ ಒಳಬದಿಯ ಮೂಳೆಯ ಚಾಚು 8 ಮಿ.ಮೀ.ಗಿಂತ ಕಡಿಮೆಯಿದ್ದು, ಅದೇ ಬದಿಯಲ್ಲಿ ತಲೆ ಮತ್ತು ಕಾಂಡ 2 ಮಿ.ಮೀ.ಗಿಂತ ಹೆಚ್ಚು ಪಕ್ಕಕ್ಕೆ ಜಾರಿದ್ದರೆ, ತಲೆಗೆ ರಕ್ತ ತಪ್ಪಿರುವ ಸಂಭವ ಹೆಚ್ಚೆಂದು ಹರ್ಟೆಲ್ ಎಂಬ ಶಸ್ತ್ರಚಿಕಿತ್ಸಕರು ತೋರಿಸಿದ್ದಾರೆ. ಹಾಗೆಂದ ಮಾತ್ರಕ್ಕೆ ತಲೆ ಸತ್ತೇಹೋಗುತ್ತದೆ ಎಂದಲ್ಲ. ಆದ್ದರಿಂದ ವಯಸ್ಸು ಚಿಕ್ಕದಾಗಿದ್ದು ಮೂಳೆ ಗಟ್ಟಿಯಾಗಿದ್ದರೆ ಲಾಕಿಂಗ್ ಪ್ಲೇಟ್ (ಸ್ಕ್ರೂಗಳು ಪ್ಲೇಟಿಗೇ ಬಿಗಿಯಾಗುವಂಥದ್ದು) ಹಾಕಿ ತಲೆಯನ್ನು ಉಳಿಸಿಕೊಳ್ಳುವುದೇ ಸರಿಯೆಂದು ನನಗೆ ತೋರುತ್ತದೆ. ಟೊಳ್ಳಾದ ಮೂಳೆಯಲ್ಲಿ ಒಳಬದಿಯ ಆಸರೆ ತಪ್ಪಿದರೆ ತಲೆ ಕುಸಿದು, ಸ್ಕ್ರೂವಿನ ಮೊನೆ ಕೀಲಿನೊಳಕ್ಕೆ ತೂರಿ ಎದುರಿನ ಗ್ಲೀನಾಯ್ಡನ್ನು (ಹೆಗಲ ಮೂಳೆಯ ಬಟ್ಟಲನ್ನು) ಕೆರೆಯುತ್ತದೆ. ಇದನ್ನು ತಡೆಯಲೆಂದೇ ತಲೆಯ ಕೆಳ-ಒಳಬದಿಗೆ ಆಸರೆಯಾಗುವ ಕ್ಯಾಲ್ಕಾರ್ ಸ್ಕ್ರೂ ಹಾಕಿ, ತಲೆಭಾಗವನ್ನು ಸುತ್ತುವರಿದ ಸ್ನಾಯುರಜ್ಜುಗಳಾದ ರೊಟೇಟರ್ ಕಫ್‌ಗೆ ಹೊಲಿದ ದಾರಗಳನ್ನು ಪ್ಲೇಟಿಗೆ ಬಿಗಿಯುತ್ತಾರೆ.

ಟ್ಯೂಬರಾಸಿಟಿಗಳ ಕೆಳಗಿನ ಕಿರಿದಾದ ಭಾಗವಾದ ಸರ್ಜಿಕಲ್ ನೆಕ್‌ನಲ್ಲಿ ಮಾತ್ರ ಎರಡು ತುಂಡಾಗಿದ್ದರೆ ಮೂಳೆಯೊಳಗೆ ಇಳಿಸುವ ಲೋಹದ ಸರಳು (ನೈಲ್) ಕೂಡ ಒಪ್ಪುತ್ತದೆ.

ಉಳಿಸಿಕೊಳ್ಳಲಾಗದಷ್ಟು ತಲೆ ಚೂರಾಗಿರುವ ವೃದ್ಧರಲ್ಲಿ ಕೀಲು ಬದಲಾವಣೆಯೇ ದಾರಿ. ತಲೆಭಾಗವನ್ನಷ್ಟೇ ಬದಲಿಸುವ ಅರ್ಧ ಕೀಲು ಹಾಕಿದರೆ ಕೈ ಮೇಲೇಳುವುದು ಟ್ಯೂಬರಾಸಿಟಿಗಳು ಕೂಡಿಕೊಳ್ಳುವುದನ್ನೇ ಅವಲಂಬಿಸಿರುತ್ತದೆ, ಮತ್ತು ವೃದ್ಧರಲ್ಲಿ ಅವು ಹಲವು ಬಾರಿ ಕೂಡುವುದಿಲ್ಲ. ರಿವರ್ಸ್ ಕೀಲಿನಲ್ಲಿ ಗುಂಡು ಹೆಗಲ ಮೂಳೆಯ ಕಡೆಗೂ ಬಟ್ಟಲು ತೋಳಿನ ಕಡೆಗೂ ಇರುವುದರಿಂದ ಕಫ್ ಸೋತರೂ ಭುಜವನ್ನು ಹೊದ್ದಿರುವ ಡೆಲ್ಟಾಯ್ಡ್ ಸ್ನಾಯು ಕೈಯನ್ನು ಎತ್ತಬಲ್ಲದು. ಆ ಸ್ನಾಯುವನ್ನು ನಡೆಸುವ ಆಕ್ಸಿಲರಿ ನರಕ್ಕೆ ಮುರಿತದಿಂದಲೇ ಪೆಟ್ಟಾಗಿರಬಹುದು. ಹೀಗಾಗಿ ಭುಜದ ಹೊರಬದಿಯ ಚರ್ಮವನ್ನು ಬೆರಳ ತುದಿಯಿಂದ ಮುಟ್ಟಿ ಸ್ಪರ್ಶ ತಿಳಿಯುತ್ತಿದೆಯೇ ಎಂದು ಕೇಳಿ, ಕೈ ಅಲುಗಿಸದೆಯೇ ಡೆಲ್ಟಾಯ್ಡ್ ಬಿಗಿಯುವಂತೆ ಹೇಳಿ, ಕಂಡದ್ದನ್ನು ಥಿಯೇಟರಿಗೆ ಕಳುಹಿಸುವ ಮುನ್ನವೇ ಕೇಸ್ ಶೀಟಿನಲ್ಲಿ ಬರೆದಿಡಬೇಕು.