ಸಿಂಹ ರಾಶಿಯ ಕಡೆ ಆಕಾಶ ಒಂಚೂರು ಬಿಸಿ

ಮಳೆಯಲ್ಲಿ ಬೈಕ್ ಓಡಿಸಿದ್ದೀರಲ್ವಾ? ಮಳೆ ನೆಟ್ಟಗೆ ಸುರಿಯುತ್ತಿದ್ದರೂ ಎದೆ ತೊಯ್ದು ತೊಪ್ಪೆಯಾಗುತ್ತದೆ, ಬೆನ್ನು ಅಷ್ಟು ನೆನೆಯುವುದಿಲ್ಲ. ನಾವು ಮುಂದಕ್ಕೆ ಹೋಗುತ್ತಿರುವುದರಿಂದ ಹೀಗೆ.

ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯುವಾಗಲೂ ಇದೇ ಆಗುತ್ತದೆ. ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟ ಆ ಬೆಳಕು ಈಗ ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದೇ ವಿಶ್ವದ ಹಿನ್ನೆಲೆ ವಿಕಿರಣ. ಉಷ್ಣತೆ 2.725 ಕೆಲ್ವಿನ್. ನಾವು ಸಾಗುವ ಕಡೆಯಿಂದ ಬರುವ ಅಲೆಗಳು ಒತ್ತೊತ್ತಾಗಿ ತಾಗುತ್ತವೆ, ಬಿಸಿಯಾಗಿ ಕಾಣುತ್ತವೆ. ಹಿಂದಿನಿಂದ ಬರುವವು ಹಿಗ್ಗಿ ತಣ್ಣಗೆ ಕಾಣುತ್ತವೆ. ವ್ಯತ್ಯಾಸ ಬಲು ಸಣ್ಣದು: ಮುಂದೆ 3.4 ಮಿಲಿಕೆಲ್ವಿನ್ ಜಾಸ್ತಿ, ಹಿಂದೆ ಅಷ್ಟೇ ಕಡಿಮೆ.

ಇಷ್ಟನ್ನು ಹಿಡಿದದ್ದು ಹೇಗೆ? ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ನಮ್ಮ ವಾತಾವರಣವೂ ಮೈಕ್ರೋವೇವ್ ಹೊಮ್ಮಿಸುತ್ತದೆ. ಅದಕ್ಕೇ ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಮೂಟ್, ಮಾರ್ಕ್ ಗೋರೆನ್‌ಸ್ಟೀನ್, ರಿಚರ್ಡ್ ಮುಲ್ಲರ್ ತಮ್ಮ ಉಪಕರಣವನ್ನು ನಾಸಾದ ಯು-2 ವಿಮಾನಕ್ಕೆ ಜೋಡಿಸಿದರು. ಬೇಹುಗಾರಿಕೆಗೆಂದು ಹುಟ್ಟಿದ ಈ ವಿಮಾನ ಸುಮಾರು 20 ಕಿ.ಮೀ. ಮೇಲೆ ಹಾರುತ್ತದೆ. ಎರಡು ಆಂಟೆನಾ, ಎರಡು ದಿಕ್ಕು. ಅವು ಅಳೆದದ್ದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಆಂಟೆನಾಗಳಲ್ಲೇ ಹೆಚ್ಚುಕಮ್ಮಿ ಇದ್ದರೆ? ತಕ್ಕಡಿಯ ಮೇಲೆ ಅನುಮಾನ ಬಂದರೆ ತಟ್ಟೆ ಬದಲಿಸಿ ತೂಗುತ್ತೇವಲ್ಲ, ಹಾಗೆ ಉಪಕರಣವನ್ನು ಮತ್ತೆ ಮತ್ತೆ ತಿರುಗಿಸಿ ಆಂಟೆನಾಗಳ ಜಾಗ ಬದಲಿಸುತ್ತಿದ್ದರು.

1977ರಲ್ಲಿ ಫಲಿತಾಂಶ ಬಂತು. ಸಿಂಹ ರಾಶಿಯ ಕಡೆ ಬಿಸಿ, ಕುಂಭದ ಕಡೆ ತಂಪು. ಇಂದಿನ ಲೆಕ್ಕದಲ್ಲಿ, ಈ ವಿಕಿರಣಕ್ಕೆ ಹೋಲಿಸಿದರೆ ಸೂರ್ಯನ ವೇಗ ಸೆಕೆಂಡಿಗೆ ಸುಮಾರು 370 ಕಿ.ಮೀ. ಆದರೆ ಕ್ಷೀರಪಥದ ಸುತ್ತಾಟ ಸೂರ್ಯನನ್ನು ಎಳೆದೊಯ್ಯುವುದು ಹೆಚ್ಚುಕಡಿಮೆ ಇದರ ವಿರುದ್ಧ ದಿಕ್ಕಿಗೆ! ಹಾಗಾದರೆ ಇಡೀ ಕ್ಷೀರಪಥವೇ ಸೆಕೆಂಡಿಗೆ ಸುಮಾರು 600 ಕಿ.ಮೀ. ವೇಗದಲ್ಲಿ ಸಾಗುತ್ತಿರಬೇಕು. ಇಷ್ಟನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಭೂಮಿಯೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ. ಹಾಗಾಗಿ ಈ ಬಿಸಿ-ತಂಪು ವರ್ಷದುದ್ದಕ್ಕೂ ಸ್ವಲ್ಪ ಏರಿಳಿಯುತ್ತದೆ. ಆ ವೇಗ ನಮಗೆ ಕರಾರುವಾಕ್ಕಾಗಿ ಗೊತ್ತು. ಆದ್ದರಿಂದ ಇದೇ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ತಂಡ ತನ್ನ ಉಪಕರಣಗಳಿಗೆ ಈ ಏರಿಳಿತವನ್ನೇ ಅಳತೆಗೋಲು ಮಾಡಿಕೊಂಡಿತು.

ಒಂದು ತೊಡಕು ಮಾತ್ರ ಉಳಿದಿದೆ. ಮಳೆಹನಿಯಂತೆ ದೂರದ ಕ್ವೇಸಾರ್‌ಗಳೂ (ಬಲು ಪ್ರಖರವಾಗಿ ಹೊಳೆಯುವ ಗೆಲಕ್ಸಿ ಕೇಂದ್ರಗಳು) ನಮ್ಮ ಮುಂದಿನ ದಿಕ್ಕಿನಲ್ಲಿ ಜಾಸ್ತಿ ಕಾಣಬೇಕು. 2021ರಲ್ಲಿ 13 ಲಕ್ಷಕ್ಕೂ ಹೆಚ್ಚು ಕ್ವೇಸಾರ್‌ಗಳನ್ನು ಎಣಿಸಿದಾಗ ದಿಕ್ಕೇನೋ ಹೆಚ್ಚುಕಡಿಮೆ ಅದೇ ಬಂತು. ಆದರೆ ವ್ಯತ್ಯಾಸ 370 ಕಿ.ಮೀ. ವೇಗಕ್ಕೆ ಇರಬೇಕಾದದ್ದರ ಸುಮಾರು ಎರಡರಷ್ಟಿತ್ತು.