ಪದ ಪರಿಚಯ: ಹೃದಯ ಸ್ನಾಯುಕೋಶ

ಹೃದಯದ ಗೋಡೆ ಅಂದರೆ ಮುಖ್ಯವಾಗಿ ಸ್ನಾಯು. ಆ ಸ್ನಾಯುವಿನ ಒಂದೊಂದು ಕೋಶವೂ ಹೃದಯ ಸ್ನಾಯುಕೋಶ. ವೈದ್ಯರ ಬಾಯಲ್ಲಿ ಇದು ಕಾರ್ಡಿಯೋಮಯೊಸೈಟ್. ಉದ್ದ ಸುಮಾರು 100 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು.

ಆಗಷ್ಟೇ ಹುಟ್ಟಿದ ಇಲಿಮರಿಯ ಹೃದಯದಿಂದ ಈ ಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು, ಪ್ರಯೋಗಾಲಯದ ತಟ್ಟೆಯಲ್ಲಿ ಪೋಷಕ ದ್ರವದೊಳಗೆ ಬೆಳೆಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂಟಿ ಕೋಶವೂ ತನ್ನ ಪಾಡಿಗೆ ಮಿಡಿಯುತ್ತಿರುತ್ತದೆ. ಅದಕ್ಕೆ ನರದ ನಂಟಿಲ್ಲ, ಮೆದುಳಿನ ಅಪ್ಪಣೆಯೂ ಬೇಕಿಲ್ಲ. ಪಕ್ಕದ ಕೋಶದ್ದು ಬೇರೆಯೇ ಲಯ. ಆದರೆ ಎರಡೂ ಹರಡಿಕೊಂಡು ಒಂದಕ್ಕೊಂದು ಅಂಟಿಕೊಂಡ ಮೇಲೆ ಒಟ್ಟಿಗೇ ಮಿಡಿಯತೊಡಗುತ್ತವೆ!

ಇದು ಸಾಧ್ಯವಾಗುವುದು ಕೋಶಗಳು ಕೂಡುವ ಜಾಗದಿಂದ. ಆ ಜಾಗಕ್ಕೆ ಇಂಟರ್‌ಕ್ಯಾಲೇಟೆಡ್ ಡಿಸ್ಕ್ ಅಂತ ಹೆಸರು. ಅಲ್ಲಿರುವ ಡೆಸ್ಮೊಸೋಮ್‌ಗಳು ಕೋಶಗಳನ್ನು ಬಿಗಿಯಾಗಿ ಹಿಡಿದಿರುತ್ತವೆ, ಎಷ್ಟು ಜಗ್ಗಿದರೂ ಬಿಡುವುದಿಲ್ಲ. ಪಕ್ಕದಲ್ಲೇ ಗ್ಯಾಪ್ ಜಂಕ್ಷನ್ ಎಂಬ ಸಣ್ಣ ಸಣ್ಣ ಕೊಳವೆಗಳಿವೆ. ಒಂದು ಕೋಶದ ವಿದ್ಯುತ್ ಸಂಕೇತ ಇವುಗಳ ಮೂಲಕ ನೇರವಾಗಿ ಇನ್ನೊಂದಕ್ಕೆ ದಾಟುತ್ತದೆ. ಹಾಗಾಗಿ ಕೋಟಿಗಟ್ಟಲೆ ಕೋಶಗಳು ಒಂದೇ ಕೋಶದ ಹಾಗೆ ಕೆಲಸ ಮಾಡುತ್ತವೆ. ದೇಹದೊಳಗೆ ಲಯ ಹಾಕಿಕೊಡುವುದು ಬಲ ಹೃತ್ಕರ್ಣದ ಗೋಡೆಯಲ್ಲಿರುವ ಎಸ್‌ಎ ನೋಡ್ ಎಂಬ ಕೋಶಗಳ ಗುಂಪು. ನರಗಳು ಆ ಲಯವನ್ನು ಹೆಚ್ಚು ಕಡಿಮೆ ಮಾಡುತ್ತವೆ, ಅಷ್ಟೇ.

ನಮ್ಮ ದೇಹದಲ್ಲಿ ಇನ್ನೂ ಎರಡು ಬಗೆಯ ಸ್ನಾಯುಗಳಿವೆ. ಕರುಳು, ರಕ್ತನಾಳ, ಗರ್ಭಕೋಶದ ಗೋಡೆಗಳಲ್ಲಿರುವುದು ನುಣುಪು ಸ್ನಾಯು. ಇದರ ಕೋಶ ಎರಡೂ ತುದಿಯಲ್ಲಿ ಚೂಪು, ಪಟ್ಟೆಗಳಿಲ್ಲ, ಕೆಲಸ ನಿಧಾನ. ಕೈಕಾಲುಗಳಲ್ಲಿರುವುದು ಎಲುಬಿಗೆ ಅಂಟಿದ ಸ್ನಾಯು. ಇದರಲ್ಲಿ ಹೃದಯದಲ್ಲಿರುವಂತೆಯೇ ಪಟ್ಟೆಗಳು ಕಾಣುತ್ತವೆ, ಯಾಕಂದರೆ ಎರಡರಲ್ಲೂ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ತಂತುಗಳು ಸಾಲಾಗಿ ಜೋಡಿಸಿಕೊಂಡಿವೆ. ಆದರೆ ಕೈಕಾಲಿನ ಒಂದು ಸ್ನಾಯು ಎಳೆ ಎಷ್ಟೋ ಕೋಶಗಳು ಬೆಸೆದು ಆದದ್ದು. ಕೆಲವು ಹಲವಾರು ಸೆಂಟಿಮೀಟರ್ ಉದ್ದ ಇರುತ್ತವೆ. ಒಂದೊಂದರಲ್ಲೂ ನೂರಾರು ನ್ಯೂಕ್ಲಿಯಸ್‌ಗಳು. ಹೃದಯದ ಕೋಶ ಗಿಡ್ಡ, ಕವಲೊಡೆದಿರುತ್ತದೆ, ನ್ಯೂಕ್ಲಿಯಸ್ ಒಂದೋ ಎರಡೋ.

ಕೈಕಾಲಿನ ಎಳೆಗಳೂ ಎಲ್ಲ ಒಂದೇ ಥರ ಅಲ್ಲ. ಟೈಪ್ 1 ಎಳೆಗಳು ನಿಧಾನ, ಆದರೆ ಬೇಗ ದಣಿಯುವುದಿಲ್ಲ. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಜಾಸ್ತಿ ಇರುವುದರಿಂದ ಕೆಂಪಗಿರುತ್ತವೆ. ನಾವು ಸುಮ್ನೆ ನಿಂತಿದ್ದಾಗಲೂ ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯು ದುಡಿಯುತ್ತಲೇ ಇರುತ್ತದೆ. ಅದರಲ್ಲಿ ಇವೇ ಹೆಚ್ಚು. ಟೈಪ್ 2 ಎಳೆಗಳು ಚುರುಕು. ಅವುಗಳಲ್ಲಿ 2ಎಕ್ಸ್ ಎಲ್ಲಕ್ಕಿಂತ ಬಿರುಸು, ಆದರೆ ಬೇಗ ಸೋಲುತ್ತದೆ. 2ಎ ಎಂಬುದು ಟೈಪ್ 1 ಮತ್ತು 2ಎಕ್ಸ್ ನಡುವಿನದು.

ಹೃದಯಕ್ಕೆ ಹತ್ತಿರದ ನೆಂಟ ಟೈಪ್ 1. ಆ ಎಳೆಯಲ್ಲಿರುವ ಮಯೋಸಿನ್ ಮತ್ತು ಮನುಷ್ಯನ ಹೃತ್ಕುಕ್ಷಿಯಲ್ಲಿರುವ ಮುಖ್ಯ ಮಯೋಸಿನ್ ಎರಡೂ ತಯಾರಾಗುವುದು ಒಂದೇ ಜೀನ್‌ನಿಂದ. ಹೃದಯದ ಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೇ ಸುಮಾರು ಮೂರನೇ ಒಂದು ಪಾಲು ಜಾಗ ತುಂಬಿಕೊಂಡಿರುತ್ತವೆ. ನಿಮಿಷಕ್ಕೆ 70 ಬಡಿತ ಅಂದರೆ ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಅಷ್ಟು ದುಡಿಯಲು ಇಷ್ಟು ಬೇಕೇ ಬೇಕು ಅಲ್ವಾ?

ನನ್ನ ಮಟ್ಟಿಗೆ ಈ ಕೋಶದ ಅತಿ ದೊಡ್ಡ ಗುಣ ಬೇರೆ. ಇದು ಬಿಗಿಹಿಡಿದು ನಿಲ್ಲುವುದಿಲ್ಲ. ಕೈ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಎಳೆ ಸಡಿಲವಾಗುವ ಮೊದಲೇ ಇನ್ನೊಂದು ಸಂಕೇತ ಬರಬಹುದು, ಮತ್ತೊಂದು ಬರಬಹುದು. ಅದಕ್ಕೇ ನಾವು ಮುಷ್ಟಿ ಕಟ್ಟಿ ಹಾಗೇ ಇರಬಲ್ಲೆವು. ಹೃದಯದಲ್ಲಿ ಸಂಕೇತವೇ 200ರಿಂದ 300 ಮಿಲಿಸೆಕೆಂಡ್ ಇರುತ್ತದೆ. ಅದು ಮುಗಿಯುವ ಹೊತ್ತಿಗೆ ಕೋಶ ಸಡಿಲವಾಗತೊಡಗಿರುತ್ತದೆ. ಅಲ್ಲಿಯವರೆಗೆ ಇನ್ನೊಂದು ಸಂಕೇತ ಬಂದರೂ ಕೋಶ ಓಗೊಡುವುದಿಲ್ಲ. ಹೃದಯ ಸಡಿಲವಾದರೆ ತಾನೇ ಒಳಗೆ ರಕ್ತ ತುಂಬುವುದು? ಮುಷ್ಟಿಯ ಹಾಗೆ ಬಿಗಿದುಕೊಂಡರೆ ರಕ್ತದ ಓಡಾಟವೇ ನಿಂತುಹೋಗುತ್ತದೆ.

ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕು. ಅದರ ವಿಷಯದಲ್ಲೂ ವ್ಯತ್ಯಾಸವಿದೆ. ಕೈಕಾಲಿನ ಎಳೆಗೆ ತನ್ನೊಳಗಿನ ದಾಸ್ತಾನೇ ಸಾಕು. ಹೃದಯದ ಕೋಶಕ್ಕೆ ಪ್ರತಿ ಬಡಿತಕ್ಕೂ ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಒಳಬರಬೇಕು. ಅದು ಬಂದ ಮೇಲೆಯೇ ಒಳಗಿನ ದಾಸ್ತಾನು ಬಿಚ್ಚಿಕೊಳ್ಳುವುದು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಹೃದಯ ಚೆನ್ನಾಗಿ ಬಡಿಯಿತು. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ್ದರಲ್ಲಿ ಬೇಗ ಸೋತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಕಾರಣ ಅಂತ ಅವರು 1883ರಲ್ಲಿ ಬರೆದರು.

ಇಷ್ಟೆಲ್ಲ ಗಟ್ಟಿಯಾದ ಕೋಶಕ್ಕೆ ಒಂದು ದೊಡ್ಡ ಕೊರತೆಯಿದೆ. ಹುಟ್ಟಿದ ಸ್ವಲ್ಪ ಕಾಲದ ಮೇಲೆ ಅದು ವಿಭಜನೆಯಾಗುವುದೇ ಬಹಳ ಅಪರೂಪ. ವ್ಯಾಯಾಮ ಮಾಡಿದರೆ ಕೋಶಗಳು ದಪ್ಪವಾಗುತ್ತವೆ, ಸಂಖ್ಯೆ ಅಷ್ಟಾಗಿ ಏರುವುದಿಲ್ಲ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಆಧಾರದ ಮೇಲೆ ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಕೋಶಗಳು ಹೊಸದಾಗುತ್ತವೆ, 75ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಕೈಕಾಲಿನ ಎಳೆ ಹರಿದರೆ ರಿಪೇರಿಗೆ ಪಕ್ಕದಲ್ಲೇ ಸ್ಯಾಟಲೈಟ್ ಕೋಶಗಳಿರುತ್ತವೆ. ಹೃದಯಾಘಾತದಲ್ಲಿ ಸತ್ತ ಕೋಶಗಳ ಜಾಗದಲ್ಲಿ ಉಳಿಯುವುದು ಮಿಡಿಯದ ಗಾಯದ ಕಲೆ.

ಸಾಯುವ ಕೋಶದಿಂದ ಟ್ರೋಪೋನಿನ್ ಎಂಬ ಪ್ರೋಟೀನ್ ಸೋರಿ ರಕ್ತಕ್ಕೆ ಸೇರುತ್ತದೆ. ಹೃದಯದ ಟ್ರೋಪೋನಿನ್ ಐ ಮತ್ತು ಟಿ ಕೈಕಾಲಿನ ಸ್ನಾಯುವಿನದಕ್ಕಿಂತ ಬೇರೆ ರೂಪದವು. ಅದಕ್ಕೇ ಎದೆನೋವು ಅಂತ ಬಂದವರಿಗೆ ಈ ರಕ್ತಪರೀಕ್ಷೆ ಮಾಡುತ್ತಾರೆ. ಮಟ್ಟ ಏರುತ್ತಿದೆಯಾ ಅಂತ ನೋಡಲು ಸಾಮಾನ್ಯವಾಗಿ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯುತ್ತಾರೆ.