ಮ್ಯಾಂಡೇಟರಿ: ಹೆವಿವೇಟ್ ಬೆಲ್ಟಿಗೆ ಪಾಳಿ ಹಚ್ಚುವ ಲೆಕ್ಕ

ಬೆಳಗಾವಿ ಕಡೆ ‘ಪಾಳಿ’ ಎಂಬ ಒಂದೇ ಮಾತಿಗೆ ಎರಡು ಕೆಲಸ. ರೇಷನ್ ಅಂಗಡಿ ಮುಂದೆ ಪಾಳಿ ಹಚ್ಚಿದರೆ ಅದು ಸಾಲು. ‘ಈಗ ನನ್ನ ಪಾಳಿ’ ಎಂದರೆ ಸರದಿ. ಹೆವಿವೇಟ್ (ಎಲ್ಲಕ್ಕಿಂತ ಮೇಲಿನ ತೂಕದ) ಬಾಕ್ಸಿಂಗ್ ಸುದ್ದಿಯಲ್ಲಿ ಪದೇ ಪದೇ ಬರುವ ‘ಮ್ಯಾಂಡೇಟರಿ ಚಾಲೆಂಜರ್’ ಯಾರೆಂದು ತಿಳಿಯಲು ಈ ಎರಡೂ ಅರ್ಥ ಬೇಕು. ಸಾಲಿನಲ್ಲಿ ಮುಂದೆ ಬಂದು ಸರದಿಯನ್ನೂ ತನ್ನದಾಗಿಸಿಕೊಂಡ ಬಾಕ್ಸರ್ ಆತ. ಗೊತ್ತುಮಾಡಿದ ಅವಧಿಯೊಳಗೆ ಚಾಂಪಿಯನ್ ಅವನೊಡನೆ ಸೆಣಸಬೇಕು, ಇಲ್ಲವೇ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಬಿಡಬೇಕು. ಪದಕ್ಕೆ ‘ಕಡ್ಡಾಯ’ ಎಂದು ಅರ್ಥ ಹೇಳಿದರೆ ತಪ್ಪಿಲ್ಲ, ಆದರೆ ಆ ಕಡ್ಡಾಯ ಇರುವುದು ಚಾಂಪಿಯನ್‌ಗೆ. ಚಾಲೆಂಜರ್ ಬೇಡವೆಂದರೆ ಪಾಳಿ ಅವನ ಹಿಂದಿನವನಿಗೆ ಹೋಗುತ್ತದೆ, ಅಷ್ಟೇ.

ತೊಡಕು ಏನೆಂದರೆ, ಪಾಳಿ ಒಂದಲ್ಲ, ನಾಲ್ಕು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳಿಗೆ ನಾಲ್ಕು ಬೆಲ್ಟು, ನಾಲ್ಕು ನಿಯಮ ಪುಸ್ತಕ. ಪ್ರತಿಯೊಂದೂ ತನ್ನದೇ ರ‍್ಯಾಂಕಿಂಗ್ ಪಟ್ಟಿ ಹೊರಡಿಸುತ್ತದೆ. ಒಬ್ಬನೇ ಬಾಕ್ಸರ್ ಒಂದು ಪಟ್ಟಿಯಲ್ಲಿ ಎರಡನೆಯವನಾಗಿ, ಇನ್ನೊಂದರಲ್ಲಿ ಒಂಬತ್ತನೆಯವನಾಗಿ ಕಾಣುವುದು ಇದರಿಂದಲೇ. ಒಂದು ಸಂಸ್ಥೆಯ ಚಾಂಪಿಯನ್ ಹೆಸರು ಸಾಮಾನ್ಯವಾಗಿ ಇನ್ನೊಂದರ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಾಗಾಗಿ ‘ನಂಬರ್ ಒನ್’ ಎಂದರೆ ಚಾಂಪಿಯನ್ ಬಿಟ್ಟರೆ ಇವನೇ, ಜಗತ್ತಿನ ಎರಡನೇ ಒಳ್ಳೆಯ ಹೆವಿವೇಟ್ ಎಂದು ತಿಳಿದರೆ ಮೋಸ ಹೋದಂತೆ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಕಣದಲ್ಲಿ ಜಂಗಿ ಕುಸ್ತಿ ನೋಡಿದವರಿಗೆ ಜೋಡಿ ಹಚ್ಚುವುದು ಗೊತ್ತು. ಇಬ್ಬರು ಪೈಲ್ವಾನರ ಮೈಕಟ್ಟು ನೋಡಿ, ಹಿಂದಿನ ಕುಸ್ತಿ ನೆನಪಿಟ್ಟು ಹಿರಿಯರು ಸಮ ಜೋಡಿ ಕೂಡಿಸುತ್ತಾರೆ. ಬಾಕ್ಸಿಂಗಿನಲ್ಲಿ ಹಾಗೆ ಜೋಡಿ ಹಚ್ಚುವವನು ಫೈಟ್ ಏರ್ಪಡಿಸುವ ಪ್ರೊಮೋಟರ್. ಅವನಿಗೆ ಬೇಕಾದದ್ದು ಟಿಕೆಟ್ ಹೋಗುವ ಜೋಡಿ. ಹೀಗೆ ಆರಿಸಿದ ಎದುರಾಳಿಯೊಡನೆ ಬೆಲ್ಟ್ ಪಣಕ್ಕಿಡುವುದಕ್ಕೆ ‘ವಾಲಂಟರಿ ಡಿಫೆನ್ಸ್’ ಎನ್ನುತ್ತಾರೆ. ಪಟ್ಟಿಯ ಮೊದಲ 15ರೊಳಗೆ ಚಾಂಪಿಯನ್ ತನಗೆ ಬೇಕಾದವನನ್ನು ಆರಿಸಿಕೊಳ್ಳಬಹುದು. ಸುಲಭದ ತುತ್ತು ಎಂದುಕೊಂಡು ಆರಿಸಿದವನೇ ಮುಳುವಾಗುವುದೂ ಉಂಟು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಮೈಕ್ ಟೈಸನ್‌ನನ್ನು ಕೆಡವಿದ ಬಸ್ಟರ್ ಡಗ್ಲಸ್ ಇಂಥ ಆಯ್ಕೆ. ಆಗ ಪಾಳಿಯ ಮುಂದೆ ನಿಂತಿದ್ದವನು ಇವಾಂಡರ್ ಹೋಲಿಫೀಲ್ಡ್. 2019ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ಚಾಂಪಿಯನ್ ಆಂಟನಿ ಜೋಶುವಾನನ್ನು ಸೋಲಿಸಿದ ಆಂಡಿ ರೂಯಿಸ್ ಅಂತೂ ಬದಲಿಯಾಗಿ ಬಂದವನು. ಮೊದಲು ಗೊತ್ತಾಗಿದ್ದ ಎದುರಾಳಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದ.

ಮ್ಯಾಂಡೇಟರಿ ಆಗುವ ನೇರ ದಾರಿ ‘ಎಲಿಮಿನೇಟರ್’. ಮೇಲಿನ ರ‍್ಯಾಂಕಿನ ಇಬ್ಬರು ಸೆಣಸಿ, ಗೆದ್ದವನು ಪಾಳಿಯ ಮುಂದೆ ಬರುತ್ತಾನೆ. ಐಬಿಎಫ್ ಇದರಲ್ಲಿ ಬಿಗಿ: ಎಲಿಮಿನೇಟರ್ ಆಗುವವರೆಗೆ ಪಟ್ಟಿಯ ಒಂದು, ಎರಡನೇ ಸ್ಥಾನವನ್ನೇ ಖಾಲಿ ಬಿಡುತ್ತದೆ. ಆ ಪಟ್ಟಿಯಲ್ಲಿ ಹೆಸರುಗಳು ಮೂರರಿಂದ ಶುರುವಾದರೆ ಅದು ಅಚ್ಚಿನ ತಪ್ಪಲ್ಲ. ಹಿತ್ತಲ ಬಾಗಿಲೂ ಒಂದಿದೆ. ಡಬ್ಲ್ಯುಬಿಒದ ‘ಸೂಪರ್ ಚಾಂಪಿಯನ್’ ಎಂಬ ಪಟ್ಟ ಪಡೆದವನು ಮೇಲಿನ ತೂಕಕ್ಕೆ ಹೋದರೆ ಅಲ್ಲಿ ನೇರವಾಗಿ ಮ್ಯಾಂಡೇಟರಿ ಆಗಬಹುದು. ಕೆಳಗಿನ ತೂಕವಾದ ಕ್ರೂಸರ್‌ವೇಟ್‌ನಿಂದ ಬಂದ ಒಲೆಕ್ಸಾಂಡರ್ ಉಸಿಕ್ ಹೆವಿವೇಟ್‌ನಲ್ಲಿ ಎರಡೇ ಫೈಟ್ ಆಡಿ, 2021ರ ಸೆಪ್ಟೆಂಬರ್‌ನಲ್ಲಿ ಅಷ್ಟರಲ್ಲಿ ಬೆಲ್ಟ್ ಮರಳಿ ಪಡೆದಿದ್ದ ಜೋಶುವಾನ ಎದುರು ನಿಂತದ್ದು, ಗೆದ್ದದ್ದು ಹೀಗೆ.

ಸಂಸ್ಥೆ ಆದೇಶ ಹೊರಡಿಸಿದ ಮೇಲೆ ಎರಡೂ ಕಡೆಯವರಿಗೆ ಮಾತುಕತೆಗೆ ಕಾಲ ಕೊಡುತ್ತಾರೆ, ಸಾಮಾನ್ಯವಾಗಿ 30 ದಿನ. ಒಪ್ಪಂದ ಆಗದಿದ್ದರೆ ‘ಪರ್ಸ್ ಬಿಡ್’: ಇಬ್ಬರೂ ಬಾಕ್ಸರರಿಗೆ ಸೇರಿ ಎಷ್ಟು ಕೊಡುತ್ತೇವೆಂದು ಪ್ರೊಮೋಟರ್‌ಗಳು ಬರೆದುಕೊಡುತ್ತಾರೆ, ಹೆಚ್ಚು ಬರೆದವನಿಗೆ ಫೈಟ್ ನಡೆಸುವ ಹಕ್ಕು. ಇದನ್ನು ಲಿಲಾವು ಎಂದು ಬರೆಯುವುದು ತಪ್ಪು. ಲಿಲಾವಿನಲ್ಲಿ ಎದುರಿನವ ಕೂಗಿದ ಮೊತ್ತ ಕೇಳಿ ನೀವು ಏರಿಸುತ್ತೀರಿ. ಇಲ್ಲಿ ಟೆಂಡರಿನ ಹಾಗೆ ಮುಚ್ಚಿದ ಲಕೋಟೆ, ಒಂದೇ ಸಲ. ಟೈಸನ್ ಫ್ಯೂರಿ–ಡಿಲಿಯನ್ ವೈಟ್ ಫೈಟಿಗೆ 2022ರ ಜನವರಿಯಲ್ಲಿ ಡಬ್ಲ್ಯುಬಿಸಿ ಲಕೋಟೆ ಒಡೆದಾಗ ಒಂದರಲ್ಲಿ 4,10,25,000 ಡಾಲರ್, ಇನ್ನೊಂದರಲ್ಲಿ 3,22,22,222 ಡಾಲರ್. ಗೆದ್ದ ಪ್ರೊಮೋಟರ್ ಸುಮಾರು 88 ಲಕ್ಷ ಡಾಲರ್ ಹೆಚ್ಚಿಗೆ ಬರೆದುಬಿಟ್ಟಿದ್ದ! ಹಂಚಿಕೆ ಹೀಗೆ: ಮೊದಲು ಶೇ 10, ಅಂದರೆ 41,02,500 ಡಾಲರ್, ಗೆದ್ದವನ ಬೋನಸ್ ಎಂದು ಎತ್ತಿಟ್ಟರು. ಉಳಿದದ್ದರಲ್ಲಿ 80:20. ಚಾಂಪಿಯನ್ ಫ್ಯೂರಿಗೆ 2,95,38,000, ವೈಟ್‌ಗೆ 73,84,500. ಐದರಲ್ಲಿ ಒಂದು ಪಾಲು ಎಂದು ಕನಿಕರ ಪಡಬೇಕಿಲ್ಲ, ಆದರೆ ಆ ಪಾಲಿಗಾಗಿ ವೈಟ್ ವರ್ಷಗಟ್ಟಲೆ ಪಾಳಿಯಲ್ಲಿ ನಿಂತಿದ್ದ. ಕಾಯುತ್ತ ಸುಮ್ಮನೆ ಕೂತರೆ ಹೊಟ್ಟೆ ತುಂಬದು, ರಿಂಗಿಗಿಳಿದರೆ ಸ್ಥಾನಕ್ಕೇ ಸಂಚಕಾರ. 2020ರ ಆಗಸ್ಟ್‌ನಲ್ಲಿ ಅಲೆಕ್ಸಾಂಡರ್ ಪೊವೆಟ್ಕಿನ್‌ನ ಒಂದೇ ಅಪ್ಪರ್‌ಕಟ್‌ಗೆ ಮಲಗಿ ಪಾಳಿ ಕಳೆದುಕೊಂಡ. ಮುಂದಿನ ಮಾರ್ಚ್‌ನಲ್ಲಿ ಅವನನ್ನೇ ಸೋಲಿಸಿ ಮತ್ತೆ ಗಳಿಸಿದ. ಕೊನೆಗೆ 2022ರ ಏಪ್ರಿಲ್ 23ರಂದು ವೆಂಬ್ಲಿಯಲ್ಲಿ ಆರನೇ ಸುತ್ತಿಗೆ ಅವನ ಕತೆ ಮುಗಿಯಿತು.

ಪಾಳಿ ಯಾಕೆ ಇಷ್ಟು ನಿಧಾನ? ಒಬ್ಬನ ಕೈಯಲ್ಲಿ ಮೂರು ನಾಲ್ಕು ಬೆಲ್ಟ್ ಸೇರಿದರೆ ಅಷ್ಟೇ ಮ್ಯಾಂಡೇಟರಿಗಳು ಬಾಗಿಲಲ್ಲಿ ನಿಲ್ಲುತ್ತಾರೆ. ಹೆವಿವೇಟ್ ಚಾಂಪಿಯನ್ ವರ್ಷಕ್ಕೆ ಎರಡು ಫೈಟ್ ಆಡಿದರೆ ಹೆಚ್ಚು. ಆದ್ದರಿಂದ ಸಂಸ್ಥೆಗಳು ತಮ್ಮತಮ್ಮಲ್ಲೇ ಸರದಿ ಹಚ್ಚಿಕೊಳ್ಳುತ್ತವೆ. ಅದರ ನಡುವೆ ಮರುಪಂದ್ಯದ ಕರಾರು ನುಸುಳುತ್ತದೆ. ‘ನೀ ಸ್ವಲ್ಪ ಸರಿ, ರೊಕ್ಕ ಕೊಡ್ತೀವಿ’ ಎಂಬ ‘ಸ್ಟೆಪ್ ಅಸೈಡ್’ ಹಣವೂ ಕೈ ಬದಲಾಗುತ್ತದೆ. ಕ್ರೊಯೇಷಿಯಾದ ಫಿಲಿಪ್ ಹರ್ಗೊವಿಚ್ 2022ರ ಆಗಸ್ಟ್‌ನಲ್ಲಿ ಐಬಿಎಫ್ ಎಲಿಮಿನೇಟರ್ ಗೆದ್ದ. ಸರದಿ ಬರುವ ಹೊತ್ತಿಗೆ, 2024ರ ಜೂನ್ 1ರಂದು, ಡೇನಿಯಲ್ ಡುಬ್ವಾಗೆ ಸೋತ. ಕೆಲವೇ ವಾರದಲ್ಲಿ ಆಗಿನ ಚಾಂಪಿಯನ್ ಉಸಿಕ್ ಐಬಿಎಫ್ ಬೆಲ್ಟ್ ಬಿಟ್ಟುಕೊಟ್ಟ, ಡುಬ್ವಾ ರಿಂಗಿಗೆ ಇಳಿಯದೆಯೇ ಚಾಂಪಿಯನ್ ಆದ.

ಚಾಂಪಿಯನ್ ಒಪ್ಪದಿದ್ದರೆ ಬೆಲ್ಟ್ ಕಿತ್ತುಕೊಳ್ಳುವುದು ಕೊನೆಯ ಅಸ್ತ್ರ. ಚಾಂಪಿಯನ್ ರಿಡಿಕ್ ಬೋ 1992ರ ಡಿಸೆಂಬರ್‌ನಲ್ಲಿ ಆ ಶ್ರಮವನ್ನೂ ಉಳಿಸಿದ: ಮ್ಯಾಂಡೇಟರಿ ಲೆನಾಕ್ಸ್ ಲೂಯಿಸ್ ಜೊತೆ ಆಡುವ ಬದಲು ಡಬ್ಲ್ಯುಬಿಸಿ ಬೆಲ್ಟನ್ನೇ ಕಸದ ಡಬ್ಬಿಗೆ ಹಾಕಿದ. ಫ್ಯೂರಿ 2015ರ ನವೆಂಬರ್ 28ರಂದು ವ್ಲಾಡಿಮಿರ್ ಕ್ಲಿಚ್ಕೊನನ್ನು ಸೋಲಿಸಿ ಗೆದ್ದ ಐಬಿಎಫ್ ಬೆಲ್ಟ್ ಮುಂದಿನ ತಿಂಗಳೇ ಹೋಯಿತು. ಮ್ಯಾಂಡೇಟರಿ ವ್ಯಾಚೆಸ್ಲಾವ್ ಗ್ಲಾಜ್ಕೊವ್‌ನನ್ನು ಬಿಟ್ಟು ಕ್ಲಿಚ್ಕೊ ಜೊತೆ ಮರುಪಂದ್ಯಕ್ಕೆ ಅವನು ಮೊದಲೇ ಸಹಿ ಹಾಕಿದ್ದ. ಖಾಲಿ ಬೆಲ್ಟಿಗೆ ಗ್ಲಾಜ್ಕೊವ್ ಮತ್ತು ಚಾರ್ಲ್ಸ್ ಮಾರ್ಟಿನ್ 2016ರ ಜನವರಿ 16ರಂದು ಎದುರುಬದುರಾದರು. ಮೂರನೇ ಸುತ್ತಿನಲ್ಲಿ ಗ್ಲಾಜ್ಕೊವ್‌ನ ಮೊಣಕಾಲು ಕೈಕೊಟ್ಟಿತು, ಮಾರ್ಟಿನ್ ಚಾಂಪಿಯನ್ ಆದ. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 9ರಂದು, ಜೋಶುವಾ ಎರಡನೇ ಸುತ್ತಿನಲ್ಲಿ ಅದನ್ನು ಕಸಿದುಕೊಂಡ.